ನಾನು ತಳ್ಳಿದ ಬಸ್ಸು

ನಿಂತ ಬಸ್ಸನ್ನು ಹತ್ತುವ ಮುಂಚೆ ಅದರ ಮೈಯನ್ನು ಎರಡು ಸಲ ತಟ್ಟುವ ಅಭ್ಯಾಸ ನನಗಿದೆ. ಎತ್ತು ಕೊಳ್ಳುವವನು ಬೆನ್ನು ತಟ್ಟಿ ನೋಡುವ ಹಾಗೆ ತಟ್ಟಿ, ಇದು ನಿಜವಾಗಿ ನಿಂತಿದೆಯೇ, ಇನ್ನೂ ಸ್ವಲ್ಪ ಹೊತ್ತು ನಿಂತಿರುವ ಮನಸ್ಸು ಇದಕ್ಕಿದೆಯೇ ಎಂದು ವಿಚಾರಿಸಿಕೊಂಡ ಮೇಲೇ ನನ್ನ ಬಲಗಾಲು ಮೆಟ್ಟಿಲಿಗೆ ಹೋಗುವುದು. ಹಿಂದೆ ನಿಂತವರು ಬೈಯುತ್ತಾರೆ, ಬೈಯಲಿ. ನಾಲ್ಕನೆಯ ತರಗತಿಗೇ ಶಾಲೆಗೆ ಕೈಮುಗಿದು ಬಂದ ನನಗೆ ಬೇರೆ ಪಾಂಡಿತ್ಯವಿಲ್ಲ. ಆದರೆ ಬಸ್ಸು ಹತ್ತದೆ ಉಳಿಯುವ ವಿದ್ಯೆಯಲ್ಲಿ ಮಳವಳ್ಳಿ ಸೀಮೆಯಲ್ಲೇ ನನ್ನನ್ನು ಮೀರಿಸಿದವರಿಲ್ಲ. ಆ ವಿದ್ಯೆ ಕೈಗೂಡಿದ ದಿನದ ಕಥೆಯನ್ನು ನಾಲ್ಕು ವರ್ಷ ಮುಚ್ಚಿಟ್ಟಿದ್ದೆ.

ಯುದ್ಧಕಾಲದ ಇದ್ದಿಲು ಬಸ್ಸು ನಿಮಗೂ ನೆನಪಿರಬೇಕು. ಪೆಟ್ರೋಲೆಲ್ಲ ಸಿಪಾಯಿಗಳ ಪಾಲಾದ್ದರಿಂದ ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆಯೊಂದನ್ನು ಕಟ್ಟಿ, ಇದ್ದಿಲು ತುಂಬಿ, ಬೆಂಕಿ ಹೊತ್ತಿಸಿ, ಅದರ ಹೊಗೆಯಿಂದಲೇ ಗಾಡಿ ಓಡಿಸುತ್ತಿದ್ದರು. ಸಮನೆಲದಲ್ಲಿ ಅದು ನಡೆಯುತ್ತಿತ್ತು, ಇಳಿಜಾರಿನಲ್ಲಿ ಹಾರುತ್ತಿತ್ತು, ಏರು ಬಂದರೆ ಮಾತ್ರ ತುಂಬು ಬಸುರಿಯ ಹಾಗೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಆಗ ಗಂಡಸರು ಹೆಂಗಸರೆನ್ನದೆ ಎಲ್ಲರೂ ಇಳಿದು ತಳ್ಳಬೇಕು. ಎಂಜಿನ್ನು ಹಿಡಿದುಕೊಂಡ ಮೇಲೆ ಡ್ರೈವರ್ ಸಾಬರು ನಿಲ್ಲಿಸುವವರಲ್ಲ. ನಿಲ್ಲಿಸಿದರೆ ಮತ್ತೆ ತಳ್ಳಬೇಕಲ್ಲ! ತಳ್ಳಿದವರೇ ಪಕ್ಕದಲ್ಲಿ ಓಡಿ, ಕಂಬಿ ಹಿಡಿದು, ಮೇಲಕ್ಕೆ ನೆಗೆಯಬೇಕು.

ನನ್ನ ತಂಗಿ ಪುಟ್ಟತಾಯಿ ನಮ್ಮೂರಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ ಮೊದಲ ಹುಡುಗಿ. ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿಸುತ್ತಾರೆಂದು ಕೇಳಿ, ತಾನೂ ಸೇರುತ್ತೇನೆಂದು ಹಟ ಹಿಡಿದಳು. ಅವ್ವ ಬೈದಳು, ಅತ್ತಳು, ಎರಡು ಹೊತ್ತು ಮುದ್ದೆ ಬಿಟ್ಟಳು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಅಣ್ಣ ಜೊತೆಗೆ ಹೋಗಿ ಡಾಕ್ಟರಮ್ಮನ ಕೈಗೇ ಒಪ್ಪಿಸಿ ಬರಬೇಕು. ಹುಡುಗಿಯರನ್ನು ಆರಿಸಿಕೊಳ್ಳುವುದು ವರ್ಷಕ್ಕೆ ಒಂದೇ ದಿನ. ತಪ್ಪಿದರೆ ಬರುವ ವರ್ಷ. ಅಷ್ಟರಲ್ಲಿ ಪುಟ್ಟತಾಯಿಗೆ ಮದುವೆಯಾಗಿರುತ್ತಿತ್ತು. ಹೇಗೂ ಹೋಗುತ್ತೇನಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ನನಗೂ ಒಂದು ಕೆಲಸ ಕೇಳಿಕೊಂಡೇ ಬರುತ್ತೇನೆಂದು ನಾನು ಊರಿಗೆಲ್ಲ ಸಾರಿದೆ.

ಹೊರಟ ದಿನ, ದಾರಿಯಲ್ಲಿ ಮದ್ದೂರು ಇನ್ನೂ ಮೂರು ಮೈಲಿ ಇರುವಾಗ ಒಂದು ಏರು ಬಂತು, ಬಸ್ಸು ನಿಂತಿತು.

"ಇಳೀರಪ್ಪೋ! ಉಂಡಿರೋ ಮುದ್ದೆ ಎಲ್ಲೋಯ್ತು, ತಳ್ರೀ!" ಎಂದು ಸಾಬರು ಕೂಗಿದರು.

ಪುಟ್ಟತಾಯಿ ಸೆರಗು ಬಿಗಿದು ಒಲೆಯ ಪಕ್ಕದಲ್ಲೇ ಕೈಯೂರಿ ತಳ್ಳತೊಡಗಿದಳು. ನಾಲ್ಕು ಮಾರು ತಳ್ಳುವಷ್ಟರಲ್ಲಿ ಎಂಜಿನ್ನು ಕೆಮ್ಮಿ, ಗುಡುಗಿ, ಓಟ ಕಿತ್ತಿತು. ನೆರಿಗೆ ಎತ್ತಿ ಓಡಿದ ನನ್ನ ತಂಗಿ ಕಂಬಿ ಹಿಡಿದು ಒಂದೇ ನೆಗೆತಕ್ಕೆ ಮೇಲೆ ನಿಂತಳು. ತಿರುಗಿ ಮಸಿ ಮೆತ್ತಿದ ಕೈಯನ್ನು ನನ್ನತ್ತ ಚಾಚಿದಳು.

"ಅಣ್ಣಾ, ನೆಗಿಯೋ!"

ಆ ಕೈಗೂ ನನ್ನ ಕೈಗೂ ಒಂದು ಗೇಣು ಇತ್ತು. ಓಡುವ ಗಾಡಿ ಹತ್ತುವುದು ನನಗೆ ಹೊಸದಲ್ಲ, ಎತ್ತಿನ ಗಾಡಿಗಳನ್ನು ಹಾಗೆ ಹತ್ತಿಯೇ ಬೆಳೆದವನು. ಆದರೆ ಆ ಗೇಣಿನಾಚೆ ಮಂಡ್ಯವಿತ್ತು. ಮಂಡ್ಯದಲ್ಲಿ ಕಾರ್ಖಾನೆಯ ಬಾಗಿಲಿತ್ತು. ಆ ಬಾಗಿಲಲ್ಲಿ ಯಾರಾದರೂ, ನಿನಗೇನು ಬರುತ್ತದೆ ಎಂದು ಕೇಳುತ್ತಾರೆ. ಊರಲ್ಲಿ ಹಾಗೆ ಕೇಳುವವರಿರಲಿಲ್ಲ.

"ಎಕ್ಕಡ ಕಿತ್ತೋಯ್ತು ಕಣವ್ವಾ!" ಎಂದು ನಿಂತುಬಿಟ್ಟೆ.

ಎಕ್ಕಡ ಕಿತ್ತಿರಲಿಲ್ಲ. ಬಸ್ಸು ಮರೆಯಾದ ಮೇಲೆ ಹೊಂಗೆ ಮರದಡಿ ಕೂತು, ಅದರ ಬಾರನ್ನು ನಾನೇ ಕಿತ್ತು ಮಾತನ್ನು ನಿಜ ಮಾಡಿಕೊಂಡೆ. ಹೆಗಲಿಗೆ ಕಟ್ಟಿಕೊಂಡಿದ್ದ ಬುತ್ತಿಯ ಗಂಟು ನನ್ನಲ್ಲೇ ಉಳಿದಿತ್ತು. ಬೇಸರಕ್ಕೆ ನನ್ನ ಪಾಲಿನ ರೊಟ್ಟಿಯನ್ನೂ, ಪಶ್ಚಾತ್ತಾಪಕ್ಕೆ ಅವಳ ಪಾಲಿನದನ್ನೂ ತಿಂದೆ.

ಇಷ್ಟೇ ಆಗಿದ್ದರೆ ಹೇಡಿ ಅನ್ನಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಬಸ್ಸು ದೂರವಾಗುವಾಗ ನಾನು ಇನ್ನೊಂದು ಮಾತು ಕೂಗಿದ್ದೆ: "ಇಳ್ಕಳೇ ಪುಟ್ಟೀ, ಬ್ಯಾಡ, ಮನೆಗೋಗಣ!" ಅವಳೂ ಇಳಿದುಬಿಟ್ಟರೆ ನನ್ನ ಹೆದರಿಕೆ ಇಬ್ಬರದೂ ಆಗುತ್ತಿತ್ತಲ್ಲ, ಅದಕ್ಕೆ. ಅವಳು ಸೋಲಲಿ ಎಂದು ಅವಳ ಒಡಹುಟ್ಟಿದವನು ಬಯಸಿದ ಕ್ಷಣ ಅದು.

ನಾನು ಬರಿಗಾಲಲ್ಲಿ ನಡೆದು ಬಂದು ಊರ ಮುಂದೆ ಕಾಯುತ್ತಿದ್ದೆ; ಸಂಜೆಯ ಬಸ್ಸಿನಿಂದ ಅವಳು ನಗುನಗುತ್ತಾ ಇಳಿದಳು. ಜೊತೆಗೆ ಯಾರು ಬಂದಿದ್ದಾರೆಂದು ಡಾಕ್ಟರಮ್ಮ ಕೇಳಿದರಂತೆ. "ನಮ್ಮಣ್ಣ ಬಂದವ್ನೆ, ಏರಲ್ಲಿ ಇನ್ನೂ ಬಸ್ಸು ತಳ್ತಾವ್ನೆ" ಎಂದಳಂತೆ. ಅವರು ಅವಳ ಮಸಿ ಕೈ ನೋಡಿ, ಕಥೆಯೆಲ್ಲ ಕೇಳಿ, ನಕ್ಕು ಸೇರಿಸಿಕೊಂಡರು. ಮನೆಯಲ್ಲಿ ಮಾತ್ರ ನಾವಿಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅವ್ವ ಅವಳನ್ನು ಕಳಿಸುತ್ತಿರಲಿಲ್ಲ. ತಂಗಿಯನ್ನು ದಡ ಮುಟ್ಟಿಸಿದ ಮಗನ ಮುದ್ದೆಗೆ ಅಂದಿನಿಂದ ಒಂದು ಮಿಳ್ಳೆ ತುಪ್ಪ ಹೆಚ್ಚಾಯಿತು.

ಪುಟ್ಟತಾಯಿ ಈಗ ಮಳವಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ. ಹೋದ ಭಾನುವಾರ ಅವಳು ಮನೆಗೆ ಬಂದಿದ್ದಾಗ, ಪಕ್ಕದ ಮನೆಯ ಸಣ್ಣಮ್ಮ ತನ್ನ ಮಗಳನ್ನೂ ಮಂಡ್ಯಕ್ಕೆ ಸೇರಿಸಬೇಕೆಂದು ಬಂದಳು.

"ನನ್ ಮಗ ಕರ್ಕಂಡೋಯ್ತಾನೆ ಬುಡು," ಎಂದಳು ಅವ್ವ. "ಇವ್ನು ಇಲ್ದಿದ್ರೆ ನಮ್ಮುಡುಗಿ ಮಂಡ್ಯ ಕಾಣ್ತಿದ್ಲಾ?"

ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗಿಟ್ಟೆ. "ಅವ್ವಾ, ನಾನು ಮಂಡ್ಯಕ್ಕೆ ಓಗ್ಲೇ ಇಲ್ಲ ಕಣವ್ವ," ಎಂದೆ. ಶುರುಮಾಡಿದ ಮೇಲೆ ಎಲ್ಲಿ ನಿಲ್ಲಿಸುವುದು? ಎಕ್ಕಡ, ರೊಟ್ಟಿ, ಇಳ್ಕಳೇ ಎಂದು ಕೂಗಿದ್ದು, ಎಲ್ಲವೂ ಬಂತು.

ಅವ್ವ ಕಣ್ಣು ಪಿಳಿಪಿಳಿ ಬಿಟ್ಟಳು. "ಅಂಗಾರೆ ನಾಕು ವರ್ಸ ನಿಂಗಾಕಿದ ತುಪ್ಪ ಎಲ್ಲಾ ದಂಡ ಅನ್ನು!"

ಸಣ್ಣಮ್ಮ ನಕ್ಕು ಗೋಡೆ ಹಿಡಿದುಕೊಂಡಳು. ಪುಟ್ಟತಾಯಿ ನಗಲಿಲ್ಲ.

"ನೀನು ಇಳ್ಕ ಅಂದಿದ್ದು ನಂಗೆ ಕೇಳಿಸ್ತು ಕಣಣ್ಣ. ಇಳಿಯಾನ ಅಂತ ಒಂದು ಕಾಲೂ ಕೆಳೀಕೆ ಬುಟ್ಟಿದ್ದೆ. ನಿನ್ ಮೊಕ ನೋಡ್ದೆ ನೋಡು, ಇಳುದ್ರೆ ನಾನೂ ಇಂಗೇ ಆಯ್ತೀನಿ ಅನ್ನಿಸ್ತು. ಕಂಬಿ ಗಟ್ಟಿಯಾಗಿ ಇಡ್ಕಂಡೆ." ಆಮೇಲೆ ನಕ್ಕಳು. "ಇನ್ನೂ ಆ ಏರಲ್ಲೇ ನಿಂತಿದ್ದೀಯಲ್ಲಣ್ಣ, ಕಾಲು ನೋಯಕಿಲ್ವಾ?"

ನೋಯುತ್ತಿತ್ತು, ಸ್ವಾಮಿ. ನಾಲ್ಕು ವರ್ಷದಿಂದ ನೋಯುತ್ತಿತ್ತು.

ಸೋಮವಾರ ಬೆಳಿಗ್ಗೆ ಹೊರಟೇಬಿಟ್ಟೆ. ಈಗಿನದು ಪೆಟ್ರೋಲು ಬಸ್ಸು, ಯಾರೂ ತಳ್ಳಬೇಕಾಗಿಲ್ಲ. ಕಾರ್ಖಾನೆಯವರು ಕೆಲಸ ಕೊಡುತ್ತಾರೋ, ಬಾಗಿಲಿಂದಲೇ ಅಟ್ಟುತ್ತಾರೋ ಗೊತ್ತಿರಲಿಲ್ಲ. ಆದರೂ ಕೂತಲ್ಲೇ ಕುಣಿಯಬೇಕೆನ್ನಿಸುತ್ತಿತ್ತು. ಕಂಡಕ್ಟರು ಬಂದು ಎಲ್ಲಿಗೆ ಎಂದ.

"ಮಂಡ್ಯಕ್ಕೆ!"

ಮುಂದಿನ ಸೀಟಿನ ಅಜ್ಜಿ ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿದಳು. "ಮೆತ್ತಗೆ ಏಳ್ಲಾ ಮಗ," ಎಂದಳು, "ನಾವೂ ಅಲ್ಗೇ ಓಯ್ತಿರೋದು."