ಜಯಮ್ಮನವರ ಟ್ಯಾಂಕಿನ ಕಾಮನಬಿಲ್ಲು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು ಅಷ್ಟೂ ವರ್ಷ ಸೂರ್ಯನನ್ನು ತಪ್ಪು ಜಾಗದಲ್ಲಿ ಕೂರಿಸಿದ್ದೆ. ಇದನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ ಎಂದು ತಿಳಿಯಬೇಡಿ. ಮೊನ್ನೆ ಮೊನ್ನೆಯವರೆಗೆ ನನಗೇ ಗೊತ್ತಿರಲಿಲ್ಲ.

ಸುಂಕದಕಟ್ಟೆಯ ನಮ್ಮ ಶಾಲೆಯಲ್ಲಿ ಕಾಮನಬಿಲ್ಲಿನ ಪಾಠ ಬಂತೆಂದರೆ ಕರಿಹಲಗೆಯ ಬಲಭಾಗದಲ್ಲಿ ಎರಡು ಗುಡ್ಡ ಬರೆಯುತ್ತಿದ್ದೆ. ಗುಡ್ಡಗಳ ನಡುವೆ ನಗುವ ಸೂರ್ಯ, ಅವನ ನೆತ್ತಿಯ ಮೇಲೆ ಕೊಡೆ ಹಿಡಿದಂತೆ ಏಳು ಗೆರೆ. ಬಣ್ಣದ ಸೀಮೆಸುಣ್ಣ ಆಗಸ್ಟ್ ಹದಿನೈದಕ್ಕೆ ಮಾತ್ರ ಬೀರುವಿನಿಂದ ಹೊರಗೆ ಬರುತ್ತಿದ್ದುದರಿಂದ ಏಳೂ ಗೆರೆ ಬಿಳಿಯೇ. ಯಾವುದು ಕೆಂಪು, ಯಾವುದು ಹಸಿರು ಎಂದು ಪಕ್ಕದಲ್ಲಿ ಬರೆದುಬಿಟ್ಟರೆ ಮುಗಿಯಿತು, ಮಿಕ್ಕದ್ದನ್ನು ಮಕ್ಕಳು ಊಹಿಸಿಕೊಳ್ಳಬೇಕು. ಬಣ್ಣಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ವಿಬ್‌ಗಯಾರ್ ಎಂದು ಬಾಯಿಪಾಠ ಬೇರೆ. ಅದು ಮಾಗಡಿ ದಾಟಿ ಆಚೆ ಸಿಗುವ ಯಾವುದೋ ಊರು ಎಂದು ನನ್ನ ಹಿಂದಿನ ಬೆಂಚಿನವರು ಬಹಳ ದಿನ ನಂಬಿದ್ದರು.

ಒಂದು ವರ್ಷ ಮಂಜುಳಾ ಎಂಬ ಹುಡುಗಿ ಪರೀಕ್ಷೆಯಲ್ಲಿ ಗುಡ್ಡ ಬರೆದಳು, ಬಿಲ್ಲು ಬರೆದಳು, ಸೂರ್ಯನನ್ನು ಬರೆಯಲೇ ಇಲ್ಲ. ಅರ್ಧ ಅಂಕ ಕಡಿದೆ. "ನಾನ್ ನೋಡ್ದಾಗ ಅಲ್ಲಿ ಸೂರ್ಯ ಇರ್ಲಿಲ್ಲ ಮಿಸ್" ಎಂದು ಮೆಲ್ಲಗೆ ಹೇಳಿದಳು. "ಸೂರ್ಯ ಇಲ್ದೆ ಕಾಮನಬಿಲ್ ಎಲ್ಲಿಂದ ಬರುತ್ತಮ್ಮಾ?" ಎಂದೆ. ಇಡೀ ತರಗತಿ ನಕ್ಕಿತು, ಅವಳು ಕೂತಳು. ಅಂಥ ಗೆಲುವುಗಳು ಮೇಷ್ಟರ ಕೆಲಸದಲ್ಲಿ ಬಹಳ ಸುಲಭ.

ಈಗ ನಿವೃತ್ತಿಯಾಗಿ ವಿಜಯನಗರದ ಮನೆಯಲ್ಲಿದ್ದೇನೆ. ಮಹಡಿ ಮನೆಯ ಬಾಡಿಗೆದಾರರ ಮಗಳು ಸಿಂಚನ ಮೂರನೇ ಕ್ಲಾಸು. ಅವಳ ಅಮ್ಮ ನನ್ನನ್ನು ಮಿಸ್ ಅನ್ನುತ್ತಾಳೆ, ಕನ್ನಡಿ ನನ್ನನ್ನು ಅಜ್ಜಿ ಅನ್ನುತ್ತದೆ. ಮಗು ಎರಡನ್ನೂ ಸೇರಿಸಿ ಮಿಸ್ ಅಜ್ಜಿ ಮಾಡಿಕೊಂಡಿದೆ. ಅವಳ ಕ್ಲಾಸಿನಲ್ಲಿ ಸೋಮವಾರಕ್ಕೊಬ್ಬರು ಎದ್ದು ನಿಂತು ಏನಾದರೊಂದನ್ನು ವಿವರಿಸಬೇಕಂತೆ. ಇವಳ ಪಾಲಿಗೆ ಕಾಮನಬಿಲ್ಲು ಬಂದಿತ್ತು.

"ಮಿಸ್ ಅಜ್ಜಿ, ನಿಮ್ಗೆ ಗೊತ್ತಾ ಅದು?"

ಗೊತ್ತಾ ಎಂದು ಕೇಳಿದ್ದೇ ನನಗೆ ಚುಚ್ಚಿತು. "ಗೊತ್ತಾ ಏನು, ಮಾಡೇ ತೋರಿಸ್ತೀನಿ. ಶನಿವಾರ ಬೆಳಗ್ಗೆ ಟೆರೇಸಿಗೆ ಬಾ" ಎಂದುಬಿಟ್ಟೆ. ಮರುದಿನವೇ ಅವಳು ಇಡೀ ಕ್ಲಾಸಿಗೆ ಡಂಗುರ ಸಾರಿ ಬಂದಳು. ನಮ್ಮನೆ ಮಿಸ್ ಅಜ್ಜಿ ಕಾಮನಬಿಲ್ಲು ಮಾಡ್ತಾರೆ, ಅಂತ. ಮಾತು ಕೊಟ್ಟಾಗಿತ್ತು. ತಪ್ಪಿದರೆ ಸೋಮವಾರ ಆ ಮಗು ಮೂವತ್ತು ಮಕ್ಕಳ ಮುಂದೆ ಸುಳ್ಳಿಯಾಗುತ್ತಿತ್ತು, ನನ್ನ ಮೂವತ್ತೊಂದು ವರ್ಷದ ಪಾಠಕ್ಕೂ ಅದೇ ಗತಿ.

ಇದರ ಹೆಸರಲ್ಲೇ ತಗಾದೆ ಇದೆ, ನೋಡಿ. ಇಂದ್ರಧನುಸ್ಸು ಅಂದರೆ ಇಂದ್ರನದು, ಕಾಮನಬಿಲ್ಲು ಅಂದರೆ ಕಾಮನದು. ಒಂದೇ ಸೈಟನ್ನು ಇಬ್ಬರ ಹೆಸರಿಗೆ ರಿಜಿಸ್ಟರ್ ಮಾಡಿದ ಹಾಗೆ. ಆ ಇಬ್ಬರು ದೇವರೂ ಇನ್ನೂ ಕೋರ್ಟಿಗೆ ಹೋಗದಿರುವುದೇ ಆಶ್ಚರ್ಯ. ಮಳೆಬಿಲ್ಲು ಎಂದವರು ಜಾಣರು, ದೇವರುಗಳ ಗೊಡವೆ ಬೇಡವೆಂದು ಮಳೆಗೇ ಬರೆದುಕೊಟ್ಟರು.

ಶುಕ್ರವಾರ ಸಂಜೆ ಸಿಂಚನಾಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ಸೂರ್ಯನ ಬೆಳಕು ನೋಡಲು ಬಿಳಿ, ಒಳಗೆ ಎಲ್ಲ ಬಣ್ಣಗಳೂ ಕೈ ಕೈ ಹಿಡಿದುಕೊಂಡಿರುತ್ತವೆ. ನಮ್ಮ ಮೆಟ್ರೋದಲ್ಲಿ ಬೆಳಗ್ಗೆ ಎಲ್ಲರೂ ಒತ್ತಿಕೊಂಡು ಒಂದೇ ಮುದ್ದೆಯಾಗಿ ಹೋಗುವುದಿಲ್ಲವೇ, ಹಾಗೆ. ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆರೆದ ಕೂಡಲೇ ಒಬ್ಬೊಬ್ಬರು ಒಂದೊಂದು ಕಡೆ ತಿರುಗುತ್ತಾರೆ. ನೀರಿನ ಹನಿ ಎಂದರೆ ಬೆಳಕಿನ ಮೆಜೆಸ್ಟಿಕ್. ಗಾಳಿಯಿಂದ ನೀರಿಗೆ ಕಾಲಿಡುವಾಗ ಬೆಳಕಿನ ದಾರಿ ಬಾಗುತ್ತದೆ, ಆದರೆ ಎಲ್ಲ ಬಣ್ಣವೂ ಒಂದೇ ಸಮ ಬಾಗುವುದಿಲ್ಲ. ಕೆಂಪು ಸ್ವಲ್ಪ ಮೊಂಡ, ಕಡಿಮೆ ಬಾಗುತ್ತದೆ. ನೇರಳೆ ಹೇಳಿದ ಮಾತು ಕೇಳುವ ಮಗು, ಎಲ್ಲರಿಗಿಂತ ಹೆಚ್ಚು ಬಾಗುತ್ತದೆ. ಹೀಗೆ ಕೈ ಬಿಟ್ಟುಹೋದ ಬಣ್ಣಗಳು ಹನಿಯ ಹಿಂದಿನ ಗೋಡೆಗೆ ತಗುಲಿ, ಅಲ್ಲಿಂದ ಯೂ ಟರ್ನ್ ಹೊಡೆದು, ಹೊರಗೆ ಬರುವಾಗ ಇನ್ನೊಮ್ಮೆ ಬಾಗಿ ನಮ್ಮ ಕಣ್ಣಿಗೆ ಬೀಳುತ್ತವೆ.

"ಯೂ ಟರ್ನ್ ಅಂದ್ರೆ ಮಾಗಡಿ ರೋಡಲ್ಲಿ ಆಟೋ ಅಂಕಲ್ ಹೊಡೀತಾರಲ್ಲ, ಹಂಗಾ?"

"ಹಂಗೇ. ಆದ್ರೆ ಬೆಳಕು ಬೈಸ್ಕೊಳ್ಳಲ್ಲ."

ಪಾಠ ಚೆನ್ನಾಗಿಯೇ ಆಯಿತು. ಯೂ ಟರ್ನ್ ಎಂದು ನನ್ನ ಬಾಯಿಂದಲೇ ಬಂದರೂ ಅದರ ಅರ್ಥ ನನ್ನ ತಲೆಗೆ ಹೋಗಿರಲಿಲ್ಲ ಎನ್ನುವುದು ಬೇರೆ ಮಾತು.

ಶನಿವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅಂದು ನೀರಿನ ದಿನ. ಬೀದಿಯ ಎಲ್ಲ ಮನೆಯವರೂ ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕುತ್ತಾರೆ. ಮೋಟರ್ ಹಾಕುವುದು ನೆನಪಿರುತ್ತದೆ, ಆರಿಸುವುದು ಮರೆಯುತ್ತದೆ. ನಮ್ಮ ಮನೆಯ ಪಶ್ಚಿಮಕ್ಕೆ, ಓಣಿಯ ಆಚೆ, ಜಯಮ್ಮನವರ ಮೂರಂತಸ್ತಿನ ಮನೆ. ಇಲ್ಲೆಲ್ಲ ರಾಗಿ ಹೊಲವಿದ್ದ ಕಾಲದಿಂದ ಇರುವ ಮನೆತನದವರು, ದೊಡ್ಡ ಮನಸ್ಸು. ಅವರ ಟ್ಯಾಂಕೂ ಹಾಗೇ, ತುಂಬಿ ಹರಿಯದ ದಿನವಿಲ್ಲ. "ಜಯಮ್ಮಾ, ಟ್ಯಾಂಕ್ ತುಂಬೋಯ್ತು, ಮೋಟರ್ ಆಫ್ ಮಾಡ್ರೀ!" ಎಂದು ನಮ್ಮ ಟೆರೇಸಿನಿಂದ ಕೂಗುವುದು ವರ್ಷಗಳಿಂದ ನನ್ನ ಕೆಲಸ. ಶಾಲೆಯಿಂದ ನಿವೃತ್ತಳಾದರೂ ಇದರಿಂದ ಇನ್ನೂ ಯಾರೂ ನಿವೃತ್ತಿ ಕೊಟ್ಟಿಲ್ಲ.

ಎಂಟು ಗಂಟೆಯ ಎಳೆ ಬಿಸಿಲಿನಲ್ಲಿ ಪೈಪು ಹಿಡಿದು ನಿಂತೆ. ಕರಿಹಲಗೆಯ ಚಿತ್ರದ ಪ್ರಕಾರ ಸೂರ್ಯ ಮುಂದೆ ಇರಬೇಕು, ಬಿಲ್ಲು ಅವನ ಮೇಲೆ ಬರಬೇಕು. ಆದ್ದರಿಂದ ಮಗುವನ್ನೂ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸಿದೆ. ನನ್ನ ಸೀರೆ ನೆನೆಯಿತು, ಒಣಹಾಕಿದ್ದ ಸಂಡಿಗೆ ನೆನೆಯಿತು, ಬಿಲ್ಲು ಬರಲಿಲ್ಲ. ಎಡಕ್ಕೆ ಚಿಮ್ಮಿಸಿದೆ, ಬಲಕ್ಕೆ ಚಿಮ್ಮಿಸಿದೆ. ಸಿಂಚನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಕಾದಳು.

"ಪರ್ವಾಗಿಲ್ಲ ಮಿಸ್ ಅಜ್ಜಿ. ಬಂತು ಅಂತಾನೇ ಹೇಳ್ತೀನಿ ಬಿಡಿ" ಎಂದಳು.

ನನ್ನ ಮಾನ ಉಳಿಸಲು ಎಂಟು ವರ್ಷದ ಮಗು ಸುಳ್ಳು ಹೇಳಲು ತಯಾರಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಬೆನ್ನ ಹಿಂದೆ ಪಟಪಟ ನೀರು ಬೀಳುವ ಸದ್ದು. ಜಯಮ್ಮನವರ ಟ್ಯಾಂಕು! ಎಷ್ಟು ದುಃಖವಿದ್ದರೂ ಅಭ್ಯಾಸ ಬಿಡುತ್ತದೆಯೇ? ಗರಕ್ಕನೆ ಪಶ್ಚಿಮಕ್ಕೆ ತಿರುಗಿ "ಜಯಮ್..." ಎಂದು ಬಾಯಿ ತೆರೆದವಳು ಹಾಗೇ ನಿಂತೆ. ಟ್ಯಾಂಕಿನ ಕೊಳವೆಯಿಂದ ಸುರಿಯುತ್ತಿದ್ದ ನೀರು ಕಿಟಕಿಯ ಮೇಲಿನ ಸಜ್ಜಕ್ಕೆ ಬಡಿದು ಪುಡಿಪುಡಿಯಾಗಿ ಗಾಳಿಗೆ ಹಾರುತ್ತಿತ್ತು. ಅದರೊಳಗೆ ಮೊಳದುದ್ದದ ಕಾಮನಬಿಲ್ಲು. ಕೆಂಪು ಹೊರಗೆ, ನೇರಳೆ ಒಳಗೆ, ಪುಸ್ತಕದಲ್ಲಿದ್ದ ಹಾಗೇ.

ಬೆನ್ನಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಆಗ ನನಗೆ ನನ್ನದೇ ಪಾಠ ಅರ್ಥವಾಯಿತು. ಬೆಳಕು ಹನಿಯೊಳಗೆ ಯೂ ಟರ್ನ್ ಹೊಡೆದರೆ ಬಂದ ಕಡೆಗೇ ತಾನೇ ವಾಪಸು ಬರುವುದು? ಅಂದ ಮೇಲೆ ನೋಡುವವರೂ ಸೂರ್ಯನಿಗೆ ಬೆನ್ನು ಹಾಕಿಯೇ ನಿಲ್ಲಬೇಕು. ಅದೇ ಕರಿಹಲಗೆಯ ಎಡಭಾಗದಲ್ಲಿ ಹನಿಯ ಚಿತ್ರವನ್ನು ಬಾಣದ ಗುರುತಿನ ಸಮೇತ ಸರಿಯಾಗಿಯೇ ಬರೆಯುತ್ತಿದ್ದೆ. ಬಲಭಾಗದ ತಪ್ಪು ಚಿತ್ರದ ಜೊತೆ ಅದು ಮೂವತ್ತೊಂದು ವರ್ಷ ಅಕ್ಕಪಕ್ಕದಲ್ಲೇ ಇತ್ತು. ರಾಜರಾಜೇಶ್ವರಿನಗರದ ಫ್ಲ್ಯಾಟಿನವರ ಹಾಗೆ ಎರಡೂ ಒಂದು ದಿನವೂ ಮಾತಾಡಿಕೊಳ್ಳಲಿಲ್ಲ. ಮಂಜುಳಾ ತಾನು ಕಂಡದ್ದನ್ನು ಬರೆದಿದ್ದಳು. ಅವಳು ಕಾಣದ್ದನ್ನು ಬರೆಯಲಿಲ್ಲವೆಂದು ನಾನು ಅಂಕ ಕಡಿದಿದ್ದೆ.

"ಟ್ಯಾಂಕ್ ಪೈಪ್ ಪಕ್ಕದಲ್ಲೇ ಕೆಂಪು!" ಎಂದಳು ಸಿಂಚನ.

"ಇಲ್ವೇ, ಆ ಕಿಟಕಿ ಮೇಲಿದೆ."

ಜಗಳವಾಯಿತು. ನಾನು ಬಗ್ಗಿ ಅವಳ ಎತ್ತರಕ್ಕೆ ಇಳಿದರೆ ಬಿಲ್ಲೂ ನನ್ನ ಜೊತೆ ಸರಿಯಿತು. ಒಬ್ಬೊಬ್ಬರ ಕಣ್ಣಿಗೆ ಬೇರೆ ಬೇರೆ ಹನಿಗಳ ಬೆಳಕು ಬರುವುದರಿಂದ ಒಬ್ಬೊಬ್ಬರದೂ ಬೇರೆ ಬಿಲ್ಲು. ಇಂದ್ರ, ಕಾಮ ಇಬ್ಬರ ವ್ಯಾಜ್ಯವೂ ಅಲ್ಲಿಗೆ ತೀರಿತು. ಪುಣ್ಯಕ್ಕೆ ಇಬ್ಬರಿಗೂ ಒಂದೊಂದಿದೆ.

ಅಂದು ನಾನು ಕೂಗಲಿಲ್ಲ. ಒಂದು ಲೋಟ ನೀರು ಚೆಲ್ಲಿದರೂ ಸಿಡುಕುವ ನಾನು ಎರಡು ನಿಮಿಷ ಕಾವೇರಿ ಓಣಿಗೆ ಹರಿಯುವುದನ್ನು ಬಾಯಿ ಮುಚ್ಚಿಕೊಂಡು ನೋಡಿದೆ. ಆಮೇಲೆ ಮೋಟರ್ ನಿಂತಿತು, ಬಿಲ್ಲು ಆರಿತು. ಸ್ವಲ್ಪ ಹೊತ್ತಿಗೆ ಜಯಮ್ಮನವರು ಏದುಸಿರು ಬಿಡುತ್ತಾ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಯಾಕ್ ಮಿಸ್, ಹುಷಾರಾಗಿದೀರ? ಟ್ಯಾಂಕ್ ತುಂಬಿ ಅಷ್ಟೊತ್ತಾದ್ರೂ ನಿಮ್ ಕೂಗು ಕೇಳ್ಲಿಲ್ಲ. ಬಿದ್ ಗಿದ್ರೇನೋ ಅಂತ ಎದೆ ಒಡ್ದೋಯ್ತು ನಂಗೆ."

ನನ್ನ ಕೂಗು ಅವರಿಗೆ ಕಿರಿಕಿರಿ ಎಂದೇ ನಾನು ಎಣಿಸಿದ್ದೆ. ಕಣ್ಣು ಒದ್ದೆಯಾಯಿತು, ಪೈಪಿನ ನೀರೆಂದು ಒರೆಸಿಕೊಂಡೆ. ವಿಷಯ ಹೇಳಿದಾಗ ಅವರು ನಂಬಲಿಲ್ಲ.

"ನಮ್ ಟ್ಯಾಂಕಲ್ಲಾ? ಮೋಟರ್ ಆಫ್ ಮಾಡೋ ಮುಂಚೆ ನಮ್ ಬಾಲ್ಕನಿಗ್ ಬಂದು ನೋಡಿದ್ನಲ್ಲ, ಬರೀ ನೀರು."

"ಅಲ್ಲಿಂದ ನಿಮ್ಗೆ ಸೂರ್ಯ ಎದುರಿಗಿದ್ದ ಆಂಟಿ, ಅದಕ್ಕೇ" ಎಂದಳು ಸಿಂಚನ, ನಾನು ಬಾಯಿ ತೆರೆಯುವ ಮೊದಲೇ. "ನಮ್ಮನೆಗ್ ಬಂದು ನೋಡ್ಬೇಕು ನೀವು."

ಸೋಮವಾರ ಸಂಜೆ ಗೇಟಿನ ಹತ್ತಿರವೇ ಕಾದಿದ್ದೆ. ನನ್ನ ರಿಸಲ್ಟಿನ ದಿನವೂ ಅಷ್ಟು ಚಡಪಡಿಸಿರಲಿಲ್ಲ. ಸಿಂಚನ ಬ್ಯಾಗಿನಿಂದ ಚಿತ್ರ ತೆಗೆದು ತೋರಿಸಿದಳು. ಜಯಮ್ಮನವರ ಮನೆ, ಕಪ್ಪು ಟ್ಯಾಂಕು, ಏಳು ಬಣ್ಣದ ಬಿಲ್ಲು. ಸೂರ್ಯ ಇರಲಿಲ್ಲ.

"ಮಿಸ್ ಕೇಳಿದ್ರು, ಸೂರ್ಯನ್ನ ಬರೆಯೋದು ಮರ್ತೋಯ್ತಾ ಅಂತ."

"ಅಂಕ ಕಡಿದ್ರಾ?" ಎಂದೆ ಗಾಬರಿಯಿಂದ.

"ಇಲ್ಲ. ಮರ್ತಿಲ್ಲ ಮಿಸ್, ಸೂರ್ಯ ನಮ್ ಬೆನ್ನ ಹಿಂದೆ ಇದಾನೆ ಅಂದೆ. ಎಲ್ರೂ ಹಿಂದೆ ತಿರುಗಿ ನೋಡಿದ್ರು. ಮಿಸ್ಸೂ ನೋಡಿದ್ರು."

ಒಳ್ಳೆಯ ಮಿಸ್ಸು. ನನಗೆ ಹಾಗೆ ತಿರುಗಿ ನೋಡಲು ಮೂವತ್ತೊಂದು ವರ್ಷವೂ ಒಂದು ತುಂಬಿದ ಟ್ಯಾಂಕೂ ಬೇಕಾಯಿತು. ಮಂಜುಳಾ ಈಗ ಎಲ್ಲಿದ್ದಾಳೋ ತಿಳಿಯದು. ಸಿಕ್ಕರೆ ಟೆರೇಸಿಗೆ ಕರೆಯುತ್ತೇನೆ.

ನೀರಿನ ದಿನ ಈಗಲೂ ಜಯಮ್ಮನವರನ್ನು ಕೂಗುತ್ತೇನೆ, ಇಲ್ಲದಿದ್ದರೆ ಅವರಿಗೆ ಗಾಬರಿಯಾಗುತ್ತದೆ. ಆದರೆ ಮೊದಲು ಒಂದು ಸಲ ಬಿಲ್ಲನ್ನು ಪೂರ್ತಿ ನೋಡಿಕೊಂಡು, ಆಮೇಲೆ.