ಗರ್ಭಗುಡಿಗೆ ಬಿಸಿಲು ಬರುತ್ತಿದ್ದ ಮೂರು ದಿನ

ಆಗಿನ್ನೂ ನಮ್ಮೂರ ಕಲ್ಲುಗುಡಿಗೆ ಕರೆಂಟ್ ಬಂದಿರಲಿಲ್ಲ. ಸರಸಂಬಾ ಕಡೆಯ ಸಣ್ಣ ಊರು ನಮ್ಮದು. ಶಾಲೆ ಬಿಟ್ಟೊಡನೆ ನಾವೆಲ್ಲ ಗುಡಿಯ ಕಂಬಗಳ ನಡುವೆ ಮುಟ್ಟಾಟ ಆಡುತ್ತಿದ್ದೆವು. ಕುಂಬಾರ ತಿಗರಿಯ ಮೇಲೆ ತಿರುಗಿಸಿದಂತಿದ್ದ ಕರಿಕಲ್ಲಿನ ದುಂಡು ಕಂಬಗಳವು. ಓಡಿಬಂದು ಕೆನ್ನೆ ಒತ್ತಿದರೆ ಮಡಕೆಯ ನೀರಿನಷ್ಟು ತಂಪು. ಒಳಗೆಲ್ಲ ಎಣ್ಣೆ, ವಿಭೂತಿ, ಬಾವಲಿ ಹಿಕ್ಕೆ ಬೆರೆತ ವಾಸನೆ. ಗರ್ಭಗುಡಿಯಲ್ಲಿ ಹಗಲಲ್ಲೂ ಕತ್ತಲು.

ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಣ್ಣಿಗೆ ಪೊರೆ ಬಂದಿತ್ತು. ಆ ಕತ್ತಲಲ್ಲಿ ಅವಳಿಗೆ ಲಿಂಗ ಕಾಣುತ್ತಿರಲಿಲ್ಲ. ಆದರೆ ಬೇವು ಹೂಬಿಡುವ ಹೊತ್ತಿಗೆ, ವರ್ಷಕ್ಕೆ ಮೂರೇ ದಿನ, ಮೊದಲ ಬಿಸಿಲು ಬಾಗಿಲು ದಾಟಿ, ಬಸವಣ್ಣನ ಕೋಡುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತಿತ್ತು. ಆಯಿ ನಸುಕಿನಲ್ಲೇ ಮಿಂದು, ನನ್ನ ಕೈಹಿಡಿದು ಬಂದು ಕೂಡುತ್ತಿದ್ದಳು.

"ಕಂಡ ನೋಡ ನಮ್ಮಪ್ಪ!" ಎಂದು ಕೈಮುಗಿಯುತ್ತಿದ್ದಳು. "ಗುಡಿ ಕಟ್ಟಿದವ್ರು ಸೂರ್ಯಾಗ ಹಾದಿ ಬಿಟ್ಟಾರ ಬೇ. ಈ ಮೂರ ದಿನ ಪೂಜಿ ಅವಂದ."

ನಾನು ಆರನೇ ಇಯತ್ತೆಯಲ್ಲಿದ್ದಾಗ ಊರ ಸಾಹುಕಾರರು ತಮ್ಮ ತಂದೆಯ ಹೆಸರಲ್ಲಿ ಗುಡಿಯ ಮುಂದೆ ಸಿಮೆಂಟಿನ ಮಂಟಪ ಕಟ್ಟಿಸತೊಡಗಿದರು. ಅದರ ಮೂಡಣ ಗೋಡೆ ಆಗತಾನೆ ಮೇಲೇಳುತ್ತಿತ್ತು. ಲಿಂಗದ ಮೇಲೆ ಬಿಸಿಲು ಬಿದ್ದ ದಿನ ನಾನು ಆ ಬಿಸಿಲಿನ ಗೆರೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಎಳೆದು, ಗೋಡೆ ಕಟ್ಟುತ್ತಿದ್ದ ಗೌಂಡಿ ಮೈಬೂಬ ಚಾಚಾನನ್ನು ಕರೆತಂದೆ.

"ಚಾಚಾ, ಇಲ್ಲಿ ಗ್ವಾಡಿ ಬಂದ್ರ ನಮ್ಮ ಆಯಿಗೆ ದೇವ್ರು ಕಾಣಂಗಿಲ್ಲ."

ಚಾಚಾ ಬಸವಣ್ಣನ ಕೋಡಿನಿಂದ ಹೊರಗಿನವರೆಗೆ ದಾರ ಹಿಡಿದು ನೋಡಿದ. "ಅರೆ! ಕೂದಲಷ್ಟೂ ಅತ್ತಿತ್ತ ಇಲ್ಲ ಬೇಟಿ. ಕಟ್ಟಿದಾಂವ ಭಾರಿ ಉಸ್ತಾದ ಇರಬೇಕು," ಎಂದ. ಅಂದೇ ಗೋಡೆಯಲ್ಲಿ ಒಂದು ಕಿಟಕಿಯಷ್ಟು ಜಾಗ ಬಿಟ್ಟ.

ಬೇಸಿಗೆ ಸೂಟಿಗೆ ಜೇವರ್ಗಿಯ ಅಜ್ಜನ ಮನೆಗೆ ಹೋಗಿ ಬರುವಷ್ಟರಲ್ಲಿ ಆ ಜಾಗದಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಸಾಹುಕಾರರ ತಂದೆಯ ಹೆಸರು ಕೆತ್ತಿದ ಅಮೃತಶಿಲೆಯ ಕಲ್ಲು ಕೂತಿತ್ತು. "ಬ್ಯಾಡಂತ ಹೇಳಿದೆ ಬೇಟಿ. ಗೌಂಡಿ ಮಾತು ಯಾರು ಕೇಳ್ತಾರ?" ಎಂದ ಚಾಚಾ, ನನ್ನ ಮುಖ ನೋಡದೆ.

ನಾನು ಸಾಹುಕಾರರ ಅಂಗಡಿಗೇ ಹೋದೆ. ಅವರು ನಕ್ಕರು. "ಸೂರ್ಯಾ ಎಲ್ಲಾ ಕಡೀಗೂ ಅದಾನಲ್ಲವಾ. ಗುಡಿಗೆ ಟ್ಯೂಬ್‌ಲೈಟ್ ಹಾಕಿಸ್ತೇನಿ, ಹೋಗು." ಕೈಗೊಂದು ಪೇಡೆ ಕೊಟ್ಟರು. ಸಿಟ್ಟಿನಲ್ಲೇ ತಿಂದೆ. ಯಾಕೆ ತಿಂದೆನೋ ಎಂದು ಇವತ್ತಿಗೂ ಅನಿಸುತ್ತದೆ.

ಮರುವರ್ಷ ಆಯಿ ಎಂದಿನಂತೆ ಬಂದು ಕೂತಳು.

"ಬಂದನೇನ?"

"ಬಂದಾನ ಆಯಿ. ಲಿಂಗದ ಮ್ಯಾಲ ಬಿದ್ದಾನ."

ಅವಳು ತನ್ನ ಬೆನ್ನು ಮುಟ್ಟಿ ನೋಡಿಕೊಂಡಳು. "ಸುಳ್ಳ ಯಾಕ ಹೇಳ್ತಿ ಬೇ? ಅವ ಬಂದ್ರ ನನ್ನ ಬೆನ್ನಿಗೆ ಬೆಚ್ಚಗ ಗೊತ್ತಾಗ್ತದ." ಎದ್ದು ಗೋಡೆ ಸವರುತ್ತ ಹೊರಗೆ ನಡೆದಳು. ಉಳಿದೆರಡು ದಿನ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಹೋದ ವರ್ಷ ಊರಿಗೆ ಹೋದಾಗ, ಆ ಕಲ್ಲನ್ನು ಪಕ್ಕದ ಗೋಡೆಗೆ ಕೂಡಿಸಿದರೆ ಸಾಕೆಂದು ಸಾಹುಕಾರರ ಮಗನನ್ನು ಕೇಳಿಕೊಂಡೆ. "ನಮ್ಮ ಅಜ್ಜನ ಹೆಸರ ಕೀಳು ಅಂತೀರೇನ್ರಿ?" ಎಂದರು. ಅಲ್ಲಿಗೆ ಮಾತು ಮುಗಿಯಿತು. ಗುಡಿಯ ಹೊಸ ಪೂಜಾರಿಯಂತೂ ನನ್ನನ್ನೇ ಕೇಳಿದರು: "ಒಳಗ ಬಿಸಿಲು ಬರ್ತಿತ್ತೇನ್ರಿ? ನಮಗ ಯಾರೂ ಹೇಳಿಲ್ರಿ." ಹಾಗೆಂದವರೇ ಗುಂಡಿ ಒತ್ತಿ, ಲಿಂಗದ ಮೇಲಿನ ದೀಪ ಹಚ್ಚಿ ತೋರಿಸಿದರು.

ಕಂಬಗಳಿವೆ, ಬಸವಣ್ಣನಿದ್ದಾನೆ, ಲಿಂಗವಿದೆ. ಗುಡಿಯಲ್ಲಿ ಏನೂ ಕಳೆದಿಲ್ಲವೆಂದೇ ಊರು ನಂಬಿದೆ. ನನಗೆ ತಡೆಯಲಾಗದಿರುವುದು ಅದೇ.