ಸರೋಜತ್ತೆಯ ಕೆಂಪು ದೀಪ

ಎರಡು ವರ್ಷದ ಹಿಂದೆ, ತಮಿಳರ ಆಷಾಢವಾದ ಆಡಿ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ, ಸರೋಜತ್ತೆ ಪಲ್ಲಡಂ ರಸ್ತೆಯ ತಿರುವೊಂದರಲ್ಲಿ ಕಾರನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದರು. ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ಬ್ರೇಕಿನ ಕೆಂಪು ದೀಪ ಒಮ್ಮೆ ಮಿನುಗಿ ಆರಿತ್ತು. ಹಿಂದಿನ ಸೀಟಿನಲ್ಲಿ ಕಾಂಗೇಯಂನ ಜವಳಿ ಅಂಗಡಿಗೆ ಮುಟ್ಟಿಸಬೇಕಾದ ಪಂಚೆಯ ಕಟ್ಟುಗಳಿದ್ದವು. ಪಕ್ಕದಲ್ಲಿ ಸೊಸೆ ಕವಿತಾ ಇದ್ದಳು; ಅತ್ತೆ ಅವಳನ್ನು ಮುದ್ದಿನಿಂದ ಕರೆಯುತ್ತಿದ್ದುದು 'ಕಣ್ಣು' ಎಂದು.

"ಆರೋಯ್ತಲ್ಲ ಅತ್ತೆ, ಹೋಗಾಣ."

"ಆರಿದ್ದು ಇರ್ಲಿ ಕಣ್ಣು. ಹತ್ತಿದ್ದು ಯಾತಕ್ಕೆ?"

ಕಟ್ಟುಗಳು ಆ ದಿನ ಬಸ್ಸಿನಲ್ಲಿ ಹೋದವು. ಇಷ್ಟು ಕವಿತಾ ಹೇಳಿದ್ದು. ಮುಂದಿನದನ್ನು ಬಹುಪಾಲು ನಾನೇ ನೋಡಿದ್ದೇನೆ.

ಸರೋಜತ್ತೆ ನನ್ನ ತಂದೆಯ ತಂಗಿ. ಮಾವ ತೀರಿಕೊಂಡ ಮೇಲೆ ಸೋಮನೂರಿನ ಪವರ್‌ಲೂಮ್ ಶೆಡ್ಡನ್ನೂ ಇಪ್ಪತ್ತು ವರ್ಷ ದಾಟಿದ ಬಿಳಿ ಕಾರನ್ನೂ ಅವರೇ ನಡೆಸಿದರು. ಕುಳ್ಳಗಿದ್ದುದರಿಂದ ಸೀಟಿನ ಮೇಲೊಂದು ದಿಂಬು ಬೇಕಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದರು. ಸೊಂಟಕ್ಕೆ ಸದಾ ಒಂದು ಸಣ್ಣ ಕತ್ತರಿ ಸಿಕ್ಕಿಸಿರುತ್ತಿತ್ತು. ಅದರ ಕೆಲಸ ಶೆಡ್ಡಿನವರಿಗೆಲ್ಲ ಗೊತ್ತು. ಮಗ್ಗದಲ್ಲಿ ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಹರಿದ ಕೂಡಲೇ ಮಗ್ಗವನ್ನು ನಿಲ್ಲಿಸುವ ಒಂದು ಕವಲು ಕಡ್ಡಿ ಇರುತ್ತದೆ. ಪದೇಪದೇ ನಿಲ್ಲುವ ಮಗ್ಗ ನೇಯುವವರಿಗೆ ಕಿರಿಕಿರಿ. ಅವರು ಆ ಕಡ್ಡಿಯನ್ನು ನೂಲಿನಲ್ಲಿ ಕಟ್ಟಿಬಿಡುತ್ತಿದ್ದರು. ಮಗ್ಗ ನಿಲ್ಲದೆ ಓಡುತ್ತಿತ್ತು, ಬಟ್ಟೆಯಲ್ಲಿ ಸೀಳು ಬೀಳುತ್ತಿತ್ತು. ಅತ್ತೆ ದಿನವೂ ಮಗ್ಗಗಳ ನಡುವೆ ನಡೆದು ಆ ಕಟ್ಟುಗಳನ್ನು ಕತ್ತರಿಸುತ್ತಿದ್ದರು. ಬೈಗುಳ ಒಂದೇ: "ಅದರ ಬಾಯಿ ಕಟ್ಟಿದ್ಯಲ್ಲ, ನಿನ್ನ ಬಾಯಿ ಯಾರು ಕಟ್ಟೋದು?"

"ಇರಬಹುದು" ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಮಗ ಪ್ರಕಾಶನಿಗೆ ತಾಯಿ ಕಾರು ಓಡಿಸುವುದು ಬೇಡವಾಗಿತ್ತು. ವಯಸ್ಸಾಯಿತು, ಡ್ರೈವರ್ ಇಡುತ್ತೇನೆ ಎಂದು ಹಲವು ಸಲ ಹೇಳಿದ್ದ. "ನನ್ನ ಕಾರಲ್ಲಿ ನನಗೆ ಪಕ್ಕದ ಸೀಟಾ?" ಎಂದು ಅವರು ಮಾತು ಮುಗಿಸುತ್ತಿದ್ದರು. ಕೆಂಪು ದೀಪ ಅವನ ಕೈಗೆ ಸಿಕ್ಕ ಕಾರಣವಾಯಿತು.

"ಪಿಳ್ಳೆಯಾರ್ ಚೌತಿ ತನಕ ನೋಡ್ತೀನಿ ಅಮ್ಮ. ಅಷ್ಟರಲ್ಲಿ ರೋಗ ಗೊತ್ತಾಗದಿದ್ರೆ ಕಾರು ಮಾರೋದೇ."

"ಸರಿ. ಗೊತ್ತಾದ್ರೆ ಡ್ರೈವರ್ ಮಾತು ನೀ ಎತ್ತಬಾರ್ದು. ಕವಿತಾ, ನೀನೇ ಸಾಕ್ಷಿ."

ಅಲ್ಲಿಯವರೆಗೆ ರಿಪೇರಿಗಲ್ಲದೆ ಊರು ದಾಟುವಂತಿಲ್ಲ ಎಂಬ ಷರತ್ತಿಗೂ ಒಪ್ಪಿದರು.

ಆ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಡದಿದ್ದರೂ ಅದೇ ದೀಪ, ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ದೀಪ. ಸೋಮನೂರಿನ ವರ್ಕ್‌ಶಾಪಿನವರು ಹ್ಯಾಂಡ್‌ಬ್ರೇಕಿನ ಸ್ವಿಚ್ಚು ಬದಲಿಸಿದರು. ವಾರ ಕಳೆದು ದೀಪ ಮತ್ತೆ ಹತ್ತಿತು. ಆಗ ನಾನು ಜೊತೆಗೆ ಕೂತೆ, ಇಬ್ಬರೂ ಕಾರನ್ನು ನಿಧಾನವಾಗಿ ಗಣಪತಿ ಎಂಬ ಬಡಾವಣೆಯ ಸೆಲ್ವರಾಜ್ ಬಳಿಗೆ ತಂದೆವು. ಮಾವನ ಕಾಲದಿಂದಲೂ ಪರಿಚಯದ ಮೆಕ್ಯಾನಿಕ್, ತಮಿಳು ನೆಲದಲ್ಲಿದ್ದರೂ ನಮ್ಮ ಮನೆಯಂತೆ ಅವನ ಮನೆಯಲ್ಲೂ ಕನ್ನಡವೇ. ಅತ್ತೆಯೊಂದಿಗೆ ಅವನಾಡುವ ಕನ್ನಡದಲ್ಲಿ ತಮಿಳು ಬೆರೆತಿರುತ್ತಿತ್ತು.

"ಒನ್ನೂ ಇಲ್ಲೀಂಗಮ್ಮಾ. ಹಳೇ ಗಾಡಿ, ಸೆನ್ಸರ್ ಹಂಗೇ ಆಡುತ್ತೆ" ಎಂದು ಅವನು ದೀಪದ ಮೇಲೆ ಕರಿ ಟೇಪಿನ ಚೂರೊಂದನ್ನು ಅಂಟಿಸಿದ.

ಅತ್ತೆ ಉಗುರಿನಲ್ಲಿ ಟೇಪು ಕಿತ್ತು, ಬೆಂಚಿನ ಮೇಲಿದ್ದ ಅವನ ಮೊಬೈಲಿನ ಪರದೆಗೆ ಅಂಟಿಸಿದರು. "ಈಗ ನೋಡು, ಇನ್ನು ನಿನ್ನ ಹೆಂಡ್ತಿ ಫೋನೇ ಬರಲ್ಲ."

ಸೆಲ್ವರಾಜ್ ನಕ್ಕ. ಅತ್ತೆ ನಗಲಿಲ್ಲ.

ಅವರ ಮೊದಲ ತೀರ್ಮಾನ ತಪ್ಪಾಗಿತ್ತು. ದೀಪ ತಿರುವಿನಲ್ಲಿ ಮಾತ್ರ ಹತ್ತುತ್ತದೆ, ಆದ್ದರಿಂದ ಸ್ಟಿಯರಿಂಗ್ ಒಳಗೆ ತಂತಿ ಹರಿದಿದೆ ಎಂದರು. ಸೆಲ್ವರಾಜ್ ಮಧ್ಯಾಹ್ನವಿಡೀ ಫಲಕ ಬಿಚ್ಚಿ ಪ್ರತಿ ತಂತಿ ತೋರಿಸಿದ. ಎಲ್ಲವೂ ಸರಿಯಾಗಿದ್ದವು.

"ತಂತಿ ಅಲ್ಲ. ಮುಚ್ಚು" ಎಂದರು, ತಂತಿಯೇ ಎಂದಾಗ ಇದ್ದ ಅದೇ ದನಿಯಲ್ಲಿ. ಆಮೇಲೆ ಕೇಳಿದರು: "ಆಯಿಲ್ ನೋಡಿದ್ಯಾ?"

"ಫುಲ್ಲಾಗಿದೇಂಗ. ಬಂದಾಗ ಕೊಂಚ ಕಮ್ಮಿ ಇತ್ತು, ಹಾಕ್ದೆ."

"ಹಾಕು ಅಂತ ನಾ ಹೇಳಿದ್ನಾ?"

ಅತ್ತೆಯ ಕೈ ಸೊಂಟದ ಕತ್ತರಿಗೆ ಹೋಯಿತು. ಸೋಮನೂರಿಗೆ ಫೋನ್ ಮಾಡಿ ಕೇಳಿದರು. ಅಲ್ಲಿಯವರೂ ಹಾಗೇ ಒಂದಿಷ್ಟು ತುಂಬಿಸಿದ್ದರು. ಕೇಳದೆಯೇ ಮಾಡಿದ ಉಪಕಾರ. ಪ್ರತಿ ಸಲವೂ ದೀಪ ಕೆಲವು ದಿನ ಸುಮ್ಮನಾಗುತ್ತಿತ್ತು.

ಮನೆಗೆ ಬಂದವರೇ ಬಚ್ಚಲ ಕನ್ನಡಿಗೆ ಕವಿತಾ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತರು. ಬಾನೆಟ್ ಎತ್ತಿ, ಬ್ರೇಕ್ ಆಯಿಲಿನ ಡಬ್ಬಿಯ ಹೊರಮೈಗೆ, ಆಯಿಲ್ ನಿಂತ ಮಟ್ಟಕ್ಕೆ ಸರಿಯಾಗಿ, ಅದನ್ನು ಒತ್ತಿದರು. ಕಾರಿನ ಕೆಳಗೆ ಶೆಡ್ಡಿನ ಬಿಳಿ ಕೋರಾ ಬಟ್ಟೆ ಹಾಸಿಸಿದರು. ಡಬ್ಬಿ ಮುಟ್ಟಿದವರಿಗೆ ಕೈ ಇರುವುದಿಲ್ಲ ಎಂದು ಮಗನಿಗೂ ಸೇರಿಸಿ ಹೇಳಿದರು. ಬೆಳಿಗ್ಗೆ ಒಂದು ಸುತ್ತು ಊರೊಳಗೆ ಓಡಿಸುವುದು, ತಂದು ನಿಲ್ಲಿಸುವುದು, ಬಾನೆಟ್ ಎತ್ತುವುದು. ಬೇರೇನೂ ಮಾಡಲಿಲ್ಲ, ಯಾರಿಗೂ ಮಾಡಲು ಬಿಡಲಿಲ್ಲ.

ಗಣೇಶ ಚೌತಿಗೆ ಒಂದು ವಾರವಿದ್ದಾಗ ಆಯಿಲ್ ಬೊಟ್ಟಿನಿಂದ ಕೆಳಕ್ಕೆ ಇಳಿದಿತ್ತು. ಬಲಕ್ಕೆ ತಿರುಗಿಸಿದಾಗ ಆಯಿಲ್ ಡಬ್ಬಿಯ ಒಂದು ಪಕ್ಕಕ್ಕೆ ಸರಿದು ದೀಪ ಮಿನುಗುತ್ತಿತ್ತು. ಕೋರಾ ಬಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

ಸೆಲ್ವರಾಜ್‌ನನ್ನು ಮನೆಗೇ ಕರೆಸಿದರು. ಅವನು ನಾಲ್ಕು ಚಕ್ರವನ್ನೂ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿದ. ಒದ್ದೆಯಿರಲಿಲ್ಲ.

"ಎಲ್ಲೂ ಸೋರಿಲ್ಲೀಂಗಮ್ಮಾ. ಆವಿಯಾಗೋಯ್ತಾ?"

"ಹೊರಗೆ ಇಲ್ಲ ಅಂದ್ರೆ ಒಳಗೆ ಇದೆ. ಕಾಲಲ್ಲಿ ಒತ್ತಿದ್ದು ಮೊದಲು ಎಲ್ಲಿಗೆ ಹೋಗುತ್ತೆ? ಅದನ್ನ ಬಿಚ್ಚು."

ಪೆಡಲಿನ ಒತ್ತು ಮೊದಲು ತಲುಪುವುದು ಬೂಸ್ಟರ್ ಎಂಬ ದುಂಡನೆ ಡಬ್ಬಿಗೆ. ಅದರ ಮುಂದಿರುವುದು ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್. ಸೆಲ್ವರಾಜ್ ಸಿಲಿಂಡರನ್ನು ಕಳಚಿ ಬೂಸ್ಟರಿನೊಳಗೆ ಒಂದು ಬಟ್ಟೆಚೂರು ಇಳಿಸಿದ. ಬಟ್ಟೆ ತೊಯ್ದು ಬಂತು. ಸಿಲಿಂಡರಿನ ಹಿಂಬದಿಯ ರಬ್ಬರ್ ಸೀಲು ಸವೆದು ಆಯಿಲ್ ಹನಿಹನಿಯಾಗಿ ಬೂಸ್ಟರಿಗೆ ಇಳಿಯುತ್ತಿತ್ತು. ಹೀಗೇ ಬಿಟ್ಟಿದ್ದರೆ ಒಂದು ದಿನ ಪೆಡಲು ನೆಲಕ್ಕೆ ಹೋಗುತ್ತಿತ್ತು ಎಂದು ಅವನೇ ಹೇಳಿದ. ಪ್ರಕಾಶ ಆ ಬಟ್ಟೆಚೂರನ್ನು ಕೈಗೆ ತೆಗೆದುಕೊಂಡು ನೋಡಿದ.

"ಕವಿತಾ," ಎಂದರು ಅತ್ತೆ, "ಸಾಕ್ಷಿ ಬಾ ಇಲ್ಲಿ."

ಸಿಲಿಂಡರ್ ಬದಲಾಯಿತು, ಬೂಸ್ಟರ್ ಸ್ವಚ್ಛವಾಯಿತು. ಚೌತಿ ಮುಗಿದ ಶುಕ್ರವಾರ ಅತ್ತೆ ಕಾಂಗೇಯಂಗೆ ಹೋಗಿ, ಪಂಚೆ ಕೊಟ್ಟು, ಗಾಣದಿಂದ ಕೊಬ್ಬರಿ ಎಣ್ಣೆಯ ಡಬ್ಬ ತಂದರು. ದೀಪ ಹತ್ತಲಿಲ್ಲ. ಪ್ರಕಾಶ ಡ್ರೈವರ್ ಮಾತು ಎತ್ತಲಿಲ್ಲ.

ಕಳೆದ ವರ್ಷ ಕಾರ್ತಿಕದಲ್ಲಿ, ಕಾಂಗೇಯಂನಿಂದ ಮರಳುವಾಗ, ಅತ್ತೆ ಒಂದು ಸ್ಪೀಡ್ ಬ್ರೇಕರನ್ನು ಕಾಣದೆ ಹಾರಿಸಿದರು. ಮುಂದಿನ ಶುಕ್ರವಾರ ಅದನ್ನೇ ಮತ್ತೆ ಹಾರಿಸಿದರು. ಆ ದಿನ ನಾನು ಹಿಂದಿನ ಸೀಟಿನಲ್ಲಿದ್ದೆ. ಕಾರನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದರು.

"ಇದು ಹೋದ ವಾರಾನೂ ಇತ್ತಾ?"

"ಇತ್ತು ಅತ್ತೆ" ಎಂದಳು ಕವಿತಾ.

ಅತ್ತೆ ಸ್ಟಿಯರಿಂಗ್‌ನಿಂದ ಕೈ ತೆಗೆದರು. ಆಮೇಲೆ ಬರಿಗಾಲಲ್ಲೇ ಇಳಿದು, ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಕಾರನ್ನು ಸುತ್ತಿ ಬಂದು ಕವಿತಾ ಪಕ್ಕದ ಬಾಗಿಲು ತೆಗೆದರು. "ಆ ಕಡೆ ಹೋಗು ಕಣ್ಣು. ಇನ್ನು ನೀ ಓಡ್ಸು."

ಮನೆಯಲ್ಲಿ ಪ್ರಕಾಶನೇ ಸಮಾಧಾನ ಹೇಳಿದ. "ಕನ್ನಡಕ ಬದಲಾಯಿಸಿದ್ರೆ ಸರಿಹೋಗುತ್ತಮ್ಮ. ಒಂದೆರಡು ಸಲ ಯಾರಿಗೂ ಹಂಗಾಗುತ್ತೆ."

"ನೀ ಟೇಪು ಅಂಟಿಸಬೇಡ" ಎಂದರು.

ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದರು. ಅತ್ತೆ ಮತ್ತೆ ಕಾರು ಓಡಿಸಲಿಲ್ಲ. ಪ್ರತಿ ಶುಕ್ರವಾರ ಪಕ್ಕದ ಸೀಟಿನಲ್ಲಿ, ಅದೇ ದಿಂಬಿನ ಮೇಲೆ ಕೂತು ಕಾಂಗೇಯಂಗೆ ಹೋಗಿ ಬಂದರು. ಈ ವರ್ಷ, ಚಳಿ ಕಳೆಯುವ ಮಾಸಿ ತಿಂಗಳಲ್ಲಿ, ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ.

ಕಾರು ಕವಿತಾ ಕೈಯಲ್ಲಿದೆ. ಕಳೆದ ಶುಕ್ರವಾರ ಹೊರಡುವ ಮುನ್ನ ಅವಳು ಬಾನೆಟ್ ಎತ್ತಿದಾಗ ನಾನೂ ನೋಡಿದೆ. ಅತ್ತೆ ಒತ್ತಿದ್ದ ಬೊಟ್ಟು ಡಬ್ಬಿಯ ಮೇಲೆ ಹಾಗೇ ಇದೆ, ಆಯಿಲ್ ಅದರ ಮೇಲಂಚಿನಲ್ಲಿದೆ.